65ರಿಂದ 67ಕ್ಕೆ: ಎರಡು ವರ್ಷದಲ್ಲಿ ಸಿಗುವ ಪೈಲಟ್‌ಗಳೆಷ್ಟು?

2025ರ ಸೆಪ್ಟೆಂಬರ್ ಕೊನೆಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ 42ನೇ ಮಹಾಸಭೆ ಸೇರಿತ್ತು. 193 ದೇಶಗಳು ಸದಸ್ಯರಾಗಿರುವ ಈ ಸಂಘಟನೆಯನ್ನು ಚಿಕ್ಕದಾಗಿ ಐಸಿಎಒ ಎನ್ನುತ್ತಾರೆ. ಜಗತ್ತಿನ ಸುಮಾರು 350 ವಿಮಾನಯಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಅಲ್ಲೊಂದು ಬೇಡಿಕೆ ಇಟ್ಟಿತು. ಅಂತರರಾಷ್ಟ್ರೀಯ ವಾಣಿಜ್ಯ ವಿಮಾನ ಹಾರಿಸುವವರ ವಯೋಮಿತಿ 65ರಿಂದ 67ಕ್ಕೆ ಏರಲಿ, 65 ದಾಟಿದವರ ಪಕ್ಕದ ಸೀಟಿನಲ್ಲಿ ಅದಕ್ಕಿಂತ ಕಿರಿಯರೊಬ್ಬರು ಕೂರಲಿ ಎಂಬುದು ಆ ಬೇಡಿಕೆ. ಪೈಲಟ್ ಸಂಘಟನೆಗಳು ವಿರೋಧಿಸಿದವು. ಮಹಾಸಭೆಯೂ ಒಪ್ಪಲಿಲ್ಲ. ಮಿತಿ 65ರಲ್ಲೇ ಉಳಿಯಿತು.

ಕಂಪನಿಗಳದು ಪೈಲಟ್ ಕೊರತೆಯ ವಾದ. ಸಂಘಟನೆಗಳದು ಸುರಕ್ಷತೆಯ ವಾದ. ಎರಡೂ ಕಡೆಯವರ ಮಾತನ್ನು ಅಂಕಿಗಳ ಜೊತೆ ತಾಳೆ ನೋಡಿದರೆ ಎರಡು ಸಂಗತಿ ಕಾಣುತ್ತವೆ. 65ರಿಂದ 67ಕ್ಕೆ ಏರಿಸಿದರೆ ಅಪಾಯ ಹೆಚ್ಚುತ್ತದೆ, ಆದರೆ ಭಯಪಟ್ಟಷ್ಟಲ್ಲ. ಪೈಲಟ್‌ಗಳೂ ಸಿಗುತ್ತಾರೆ, ಆದರೆ ಆಸೆಪಟ್ಟಷ್ಟಲ್ಲ. ಭಾರತಕ್ಕಂತೂ ಈ ಎರಡನೆಯ ಮಾತು ಹೆಚ್ಚು ಅನ್ವಯ.

ಮಿತಿ ಏರಿದ ಬಗೆ

• 1960, ಮಾರ್ಚ್ 15: ಅಮೆರಿಕದಲ್ಲಿ 60ರ ಕಡ್ಡಾಯ ಮಿತಿ ಜಾರಿ.
• 2006, ನವೆಂಬರ್ 23: ಐಸಿಎಒ ಮಿತಿ 65ಕ್ಕೆ. 60 ದಾಟಿದ ಕ್ಯಾಪ್ಟನ್ ಜೊತೆಗಿರುವ ಪೈಲಟ್ 60ಕ್ಕಿಂತ ಕಿರಿಯರಾಗಿರಬೇಕು ಎಂಬ ಷರತ್ತು.
• 2007, ಡಿಸೆಂಬರ್ 13: ಅಮೆರಿಕದಲ್ಲೂ 65.
• 2014, ನವೆಂಬರ್ 13: ಜೋಡಿಯ ಷರತ್ತನ್ನು ಐಸಿಎಒ ಕೈಬಿಟ್ಟಿತು.
• 2015: ಜಪಾನ್ ತನ್ನ ಪೈಲಟ್‌ಗಳಿಗೆ 67 ವರ್ಷ ಮುಗಿಯುವವರೆಗೆ ಅವಕಾಶ ನೀಡಿತು.
• 2024, ಫೆಬ್ರುವರಿ 8: ಅಮೆರಿಕದ ಸೆನೆಟ್ ಸಮಿತಿಯಲ್ಲಿ 67ರ ಪ್ರಸ್ತಾವಕ್ಕೆ 13–14ರಿಂದ, ಒಂದೇ ಮತದ ಅಂತರದಲ್ಲಿ ಸೋಲು.
• 2025: ಐಸಿಎಒ ಮಹಾಸಭೆಯಲ್ಲಿ 67ಕ್ಕೆ ಒಪ್ಪಿಗೆ ಸಿಗಲಿಲ್ಲ.

ಭಾರತದಲ್ಲಿ 1937ರ ವಿಮಾನ ನಿಯಮಗಳ 28ಎ ನಿಯಮದಡಿ 65 ತುಂಬಿದವರು ವಾಣಿಜ್ಯ ಹಾರಾಟದಲ್ಲಿ ಕ್ಯಾಪ್ಟನ್ ಆಗಿಯೂ ಸಹ ಪೈಲಟ್ ಆಗಿಯೂ ಕೂರುವಂತಿಲ್ಲ. ಹಾಗೆಂದು ಅವರ ಲೈಸೆನ್ಸ್ ರದ್ದಾಗುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಪಾಠ ಹೇಳಬಹುದು. ಹಣ ಪಡೆದು ಪ್ರಯಾಣಿಕರನ್ನೋ ಸರಕನ್ನೋ ಹೊತ್ತು ಹಾರುವುದಕ್ಕೆ ಮಾತ್ರ ತಡೆ.

60 ಎಲ್ಲಿಂದ ಬಂತು?

ಮೊದಲ ಮಿತಿ ಹುಟ್ಟಿದ್ದು ವೈದ್ಯರ ಕೋಣೆಯಲ್ಲಿ ಎಂದು ಹಲವರು ನಂಬಿದ್ದಾರೆ. ದಾಖಲೆ ಬೇರೆ ಕಥೆ ಹೇಳುತ್ತದೆ. 1959ರ ಜನವರಿ 25ರಂದು ಅಮೆರಿಕನ್ ಏರ್‌ಲೈನ್ಸ್ ತನ್ನ ಬೋಯಿಂಗ್ 707 ಜೆಟ್ ಸೇವೆ ಆರಂಭಿಸಿತು. ಪ್ರೊಪೆಲ್ಲರ್ ವಿಮಾನಗಳಲ್ಲಿ ಪಳಗಿದ ಹಿರಿಯರಿಗೆ ಜೆಟ್ ಕಲಿಸಲು ಸಮಯವೂ ಹಣವೂ ಹೆಚ್ಚು ಬೇಕು ಎಂಬುದು ಕಂಪನಿಯ ಅಳಲು. 60ಕ್ಕೆ ನಿವೃತ್ತಿ ಎಂಬ ತನ್ನದೇ ನಿಯಮವನ್ನು ಹೇರಲು ಹೋಗಿ ಅದು ಪೈಲಟ್‌ಗಳ ಎದುರು ಮಧ್ಯಸ್ಥಿಕೆಯಲ್ಲಿ ಸೋತಿತ್ತು. ಆಗ ಕಂಪನಿಯ ಮುಖ್ಯಸ್ಥ ಸಿ.ಆರ್. ಸ್ಮಿತ್ ಸರ್ಕಾರದ ವಿಮಾನಯಾನ ಆಡಳಿತಾಧಿಕಾರಿ ಎಲ್‌ವುಡ್ ಕೆಸಾಡಾ ಅವರಿಗೆ ಪತ್ರ ಬರೆದು ನೆರವು ಕೋರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ 60ರ ನಿಯಮ ಪ್ರಕಟವಾಯಿತು. 1961ರಲ್ಲಿ ಹುದ್ದೆ ಬಿಟ್ಟ ಕೆಸಾಡಾ ಅದೇ ಕಂಪನಿಯ ನಿರ್ದೇಶಕ ಮಂಡಳಿ ಸೇರಿದರು.

ಹೀಗೆ ಬಂದ ನಿಯಮ 47 ವರ್ಷ 9 ತಿಂಗಳು ಬದುಕಿತು. ಅದು ಹೋದದ್ದೂ ವೈದ್ಯಕೀಯ ಕಾರಣಕ್ಕಷ್ಟೇ ಅಲ್ಲ. 2006ರಲ್ಲಿ ಐಸಿಎಒ 65ಕ್ಕೆ ಒಪ್ಪಿದ ಮೇಲೆ 60 ದಾಟಿದ ವಿದೇಶಿ ಕ್ಯಾಪ್ಟನ್‌ಗಳು ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದರು, ಅದೇ ವಯಸ್ಸಿನ ಅಮೆರಿಕದ ಕ್ಯಾಪ್ಟನ್ ಮನೆಯಲ್ಲಿ ಕೂರಬೇಕಿತ್ತು. 2007ರ ಕಾನೂನು ಈ ವಿಚಿತ್ರವನ್ನು ಕೊನೆಗೊಳಿಸಿತು. ಆದರೆ ಕಾನೂನಿಗೆ ಪೂರ್ವಾನ್ವಯ ಇರಲಿಲ್ಲ. ಡಿಸೆಂಬರ್ 12ಕ್ಕೆ 60 ತುಂಬಿ ಹೊರಬಿದ್ದವರು ಮರಳಬೇಕಾದರೆ ಹಿರಿತನ ಕಳೆದುಕೊಂಡು ಹೊಸಬರಾಗಿ ಸೇರಬೇಕಿತ್ತು. 14ಕ್ಕೆ 60 ತುಂಬಿದವರಿಗೆ ಪೂರ್ತಿ ಐದು ವರ್ಷ ಸಿಕ್ಕಿತು.

ಅಪಾಯದ ಗಣಿತ

ಹಾರಾಟದ ನಡುವೆ ಪೈಲಟ್ ಕುಸಿದುಬಿದ್ದರೆ ಗತಿಯೇನು ಎಂಬ ಪ್ರಶ್ನೆಗೆ ವಿಮಾನ ವೈದ್ಯಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಲೆಕ್ಕವಿದೆ. ಅದಕ್ಕೆ ಶೇ 1ರ ನಿಯಮ ಎನ್ನುತ್ತಾರೆ. ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಿ, ಯಾವುದೇ ಒಬ್ಬರು ಒಂದು ವರ್ಷದಲ್ಲಿ ದಿಢೀರ್ ಅಶಕ್ತರಾಗುವ ಸಾಧ್ಯತೆ ಶೇ 1ನ್ನು ಮೀರಬಾರದು. 1980ರ ದಶಕದಲ್ಲಿ ಹೃದ್ರೋಗ ತಜ್ಞರು ಮತ್ತು ವಿಮಾನ ವೈದ್ಯರು ಕೂಡಿ ರೂಪಿಸಿದ ಈ ಲೆಕ್ಕ ನಮ್ಮ ಲಕ್ಷ, ಕೋಟಿಗಳಲ್ಲಿ ಸಲೀಸಾಗಿ ಕೂರುತ್ತದೆ.

ಮೊದಲ ಹೆಜ್ಜೆ: ವರ್ಷಕ್ಕೆ 8,760 ಗಂಟೆ. ಶೇ 1 ಎಂದರೆ ನೂರು ವರ್ಷಕ್ಕೊಮ್ಮೆ. ಅಂದರೆ 8,76,000 ಗಂಟೆಗೆ ಒಂದು ಸಲ. ಇದನ್ನು ಹತ್ತು ಲಕ್ಷ ಗಂಟೆ ಎಂದು ದುಂಡಾಗಿಸುತ್ತಾರೆ.

ಎರಡನೇ ಹೆಜ್ಜೆ: ಪೈಲಟ್ ಕುಸಿದರೆ ವಿಮಾನಕ್ಕೆ ನಿಜವಾದ ಗಂಡಾಂತರ ಇರುವುದು ಮೇಲೇರುವಾಗ ಮತ್ತು ಇಳಿಯುವಾಗ. ಅದು ಒಟ್ಟು ಹಾರಾಟದ ಹತ್ತನೇ ಒಂದು ಭಾಗ ಎಂದಿಟ್ಟುಕೊಂಡರೆ, ಒಂದು ಕೋಟಿ ಗಂಟೆಗೆ ಒಂದು ಸಲ.

ಮೂರನೇ ಹೆಜ್ಜೆ: ಅಂಥ ಗಳಿಗೆಯಲ್ಲೂ ಪಕ್ಕದ ಪೈಲಟ್ ನೂರರಲ್ಲಿ ತೊಂಬತ್ತೊಂಬತ್ತು ಸಲ ವಿಮಾನವನ್ನು ಸಂಭಾಳಿಸುತ್ತಾರೆ. ಹಾಗಾಗಿ ಅನಾಹುತ ನೂರು ಕೋಟಿ ಗಂಟೆಗೆ ಒಂದು ಸಲ.

ಈ ನೂರು ಕೋಟಿ ಗಂಟೆ ಎಷ್ಟು ದೊಡ್ಡದು? 2024ರಲ್ಲಿ ಜಗತ್ತಿನಾದ್ಯಂತ 4 ಕೋಟಿ 6 ಲಕ್ಷ ಹಾರಾಟಗಳಾದವು ಎಂದು ಐಎಟಿಎ ಹೇಳುತ್ತದೆ. ಒಂದೊಂದಕ್ಕೆ ಸರಾಸರಿ ಎರಡೂವರೆ ಗಂಟೆ ಹಿಡಿದರೆ ವರ್ಷಕ್ಕೆ ಸುಮಾರು 10 ಕೋಟಿ ಗಂಟೆ. ಜಗತ್ತಿನ ಎಲ್ಲ ಪೈಲಟ್‌ಗಳೂ ಶೇ 1ರ ಅಂಚಿನಲ್ಲೇ ಇದ್ದಾರೆಂದು ಭಾವಿಸಿದರೂ ಪೈಲಟ್ ಕುಸಿತದಿಂದಾಗುವ ದುರಂತ ಹತ್ತು ವರ್ಷಕ್ಕೊಂದು. ಎಲ್ಲರ ಅಪಾಯವೂ ಇಮ್ಮಡಿಯಾದರೆ ಐದು ವರ್ಷಕ್ಕೊಂದು.

ವಾಸ್ತವದಲ್ಲಿ ಬಹುಪಾಲು ಪೈಲಟ್‌ಗಳು ಆ ಅಂಚಿನಿಂದ ದೂರ ಇದ್ದಾರೆ. ಬ್ರಿಟನ್ನಿನ 16,145 ವೃತ್ತಿಪರ ಪೈಲಟ್‌ಗಳ 2004ರ ದಾಖಲೆಗಳನ್ನು ಆಧರಿಸಿದ ಅಧ್ಯಯನದಲ್ಲಿ ವಾರ್ಷಿಕ ಅಶಕ್ತತೆಯ ಪ್ರಮಾಣ ಶೇ 0.25. ಅದೇ ಅಧ್ಯಯನದ ಇನ್ನೊಂದು ಅಂಕಿ ವಯೋಮಿತಿ ಏರಿಸಬೇಕೆನ್ನುವವರ ಬಾಯಿ ಕಟ್ಟುತ್ತದೆ: 60ರ ದಶಕದಲ್ಲಿರುವ ಪುರುಷ ಪೈಲಟ್‌ಗಳಲ್ಲಿ ಈ ಪ್ರಮಾಣ 40ರ ದಶಕದವರಿಗಿಂತ ಐದು ಪಟ್ಟು. ವಯಸ್ಸಿನ ಜೊತೆ ಅಪಾಯ ಏರುವುದು ನಿಜ. ಅದಕ್ಕಾಗಿಯೇ 60 ದಾಟಿದವರ ವೈದ್ಯಕೀಯ ಪ್ರಮಾಣಪತ್ರದ ಅವಧಿಯನ್ನು ಐಸಿಎಒ 12 ತಿಂಗಳಿನಿಂದ 6 ತಿಂಗಳಿಗೆ ಇಳಿಸಿದೆ. ನಮ್ಮ ದೇಶದ ನಾಗರಿಕ ಪೈಲಟ್‌ಗಳ ವಿಶೇಷ ತಪಾಸಣೆ ನಡೆಯುವ ಕೆಲವೇ ಕೇಂದ್ರಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಒಂದು.

ಇನ್ನು ನಡೆದ ಘಟನೆಗಳನ್ನು ನೋಡೋಣ. 1972ರ ಜೂನ್ 18ರಂದು ಲಂಡನ್ನಿನ ಹೀಥ್ರೂದಿಂದ ಮೇಲೆದ್ದ ಟ್ರೈಡೆಂಟ್ ವಿಮಾನ ಸ್ಟೇನ್ಸ್ ಬಳಿ ಬಿದ್ದು 118 ಜನ ಸತ್ತರು. ಕ್ಯಾಪ್ಟನ್ನರ ಹೃದ್ರೋಗವೂ ಒಂದು ಕಾರಣ ಎಂದು ತನಿಖೆ ಹೇಳಿತು. ಅವರ ವಯಸ್ಸು 51. 2009ರಲ್ಲಿ ಬ್ರಸೆಲ್ಸ್‌ನಿಂದ ನೆವಾರ್ಕ್‌ಗೆ ಹೊರಟ ಕಾಂಟಿನೆಂಟಲ್ ವಿಮಾನದಲ್ಲಿ ಅಟ್ಲಾಂಟಿಕ್ ಮೇಲೆ ತೀರಿಕೊಂಡ ಕ್ಯಾಪ್ಟನ್ನರಿಗೆ 60. 2015ರಲ್ಲಿ ಫೀನಿಕ್ಸ್–ಬಾಸ್ಟನ್ ಹಾರಾಟದಲ್ಲಿ ತೀರಿಕೊಂಡವರಿಗೆ 57. 2024ರಲ್ಲಿ ಸಿಯಾಟಲ್–ಇಸ್ತಾಂಬುಲ್ ಹಾರಾಟದಲ್ಲಿ ತೀರಿಕೊಂಡವರಿಗೆ 59. ಈ ಮೂರೂ ವಿಮಾನಗಳನ್ನು ಉಳಿದ ಪೈಲಟ್‌ಗಳು ಸುರಕ್ಷಿತವಾಗಿ ಇಳಿಸಿದರು. 2023ರ ಆಗಸ್ಟ್ 17ರಂದು ನಾಗಪುರದಲ್ಲಿ ವಿಮಾನ ಹತ್ತುವ ಮೊದಲೇ ಕುಸಿದು ಮೃತಪಟ್ಟ ಪೈಲಟ್‌ಗೆ 40 ಮಾತ್ರ.

ಅನುಭವದ ಪರವಾಗಿ ಕೊಡುವ ಉದಾಹರಣೆಗಳೂ ಇವೆ. 1989ರಲ್ಲಿ ಹೊನೊಲುಲುವಿನಿಂದ ಹೊರಟ ಯುನೈಟೆಡ್ 811ರ ಸರಕು ಬಾಗಿಲು ಕಿತ್ತುಹೋಗಿ, ಒಂದು ಬದಿಯ ಎರಡೂ ಎಂಜಿನ್ ಕೆಟ್ಟಾಗ 747ನ್ನು ಮರಳಿ ಇಳಿಸಿದ ಡೇವಿಡ್ ಕ್ರೋನಿನ್‌ಗೆ 59. ಕಡ್ಡಾಯ ನಿವೃತ್ತಿ ಹೊಸ್ತಿಲಲ್ಲಿತ್ತು. 2009ರಲ್ಲಿ 155 ಜನರಿದ್ದ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದ ಸಲ್ಲೆನ್‌ಬರ್ಗರ್‌ಗೆ 57. ಇವೆಲ್ಲ ಬಿಡಿ ಘಟನೆಗಳು, ಇವುಗಳಿಂದ 67ರ ಪರವಾಗಿಯೋ ವಿರೋಧವಾಗಿಯೋ ತೀರ್ಪು ಕೊಡಲಾಗದು. ಒಂದಂತೂ ಖಚಿತ. ಕ್ಯಾಪ್ಟನ್ ಕುಸಿದ ಹಾರಾಟಗಳಲ್ಲಿ ಪ್ರಯಾಣಿಕರನ್ನು ಕಾಪಾಡಿದ್ದು ವಯೋಮಿತಿಯಲ್ಲ, ಪಕ್ಕದ ಸೀಟು.

ಎರಡು ವರ್ಷದ ಲಾಭ, ಭಾರತದ ಲೆಕ್ಕದಲ್ಲಿ

ಈಗ ಕೊರತೆಯ ವಾದಕ್ಕೆ ಬರೋಣ. ನಾಗರಿಕ ವಿಮಾನಯಾನ ಸಚಿವ ರಾಮ್ ಮೋಹನ್ ನಾಯ್ಡು 2025ರಲ್ಲಿ ನೀಡಿದ ಅಂಕಿಗಳ ಪ್ರಕಾರ ದೇಶದ ಕಂಪನಿಗಳಲ್ಲಿರುವ ಪೈಲಟ್‌ಗಳು 6,000ದಿಂದ 7,000. ಆರ್ಡರ್ ಕೊಟ್ಟಿರುವ ವಿಮಾನಗಳು ಸುಮಾರು 1,700. ಮುಂದಿನ 15–20 ವರ್ಷಗಳಲ್ಲಿ ಬೇಕಾಗುವ ಪೈಲಟ್‌ಗಳು 30,000.

ಲೆಕ್ಕ ಸರಳವಾಗಿಡೋಣ. ಪೈಲಟ್ ಒಬ್ಬರು 25ಕ್ಕೆ ಸೇರಿ 65ಕ್ಕೆ ನಿವೃತ್ತರಾದರೆ 40 ವರ್ಷದ ವೃತ್ತಿ. ಎಲ್ಲ ವಯಸ್ಸಿನವರೂ ಸಮನಾಗಿ ಹಂಚಿಹೋಗಿದ್ದರೆ ವರ್ಷಕ್ಕೆ ನಲವತ್ತರಲ್ಲಿ ಒಬ್ಬರು, ಅಂದರೆ ಶೇ 2.5 ಮಂದಿ ನಿವೃತ್ತರಾಗುತ್ತಾರೆ. 7,000ದಲ್ಲಿ 175. ಮಿತಿಯನ್ನು ಎರಡು ವರ್ಷ ಮುಂದೂಡಿದರೆ ಉಳಿಯುವವರು 350.

ಬೇಡಿಕೆ? 30,000ವನ್ನು ಒಟ್ಟು ಸಂಖ್ಯೆ ಎಂದೇ ಓದಿದರೂ ಇನ್ನೂ 23,000 ಮಂದಿ ಬೇಕು. 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,150. ಆ 350 ಹಿರಿಯರು ನಾಲ್ಕು ತಿಂಗಳ ಬೇಡಿಕೆಗೂ ಸಾಲುವುದಿಲ್ಲ. ಬೇಕಾಗಿರುವುದು 30,000 ಹೊಸಬರು ಎಂದು ಓದಿದರೆ ಅಂತರ ಇನ್ನೂ ಹಿಗ್ಗುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅದೂ ಒಂದೇ ಸಲ ಸಿಗುವ ಮಜ್ಜಿಗೆ. ಎರಡು ವರ್ಷ ಕಳೆದ ಮೇಲೆ ಮತ್ತೆ ವರ್ಷಕ್ಕೆ 175 ಮಂದಿ ಹೊರಡುತ್ತಾರೆ. ಅಮೆರಿಕದ ಅನುಭವ ಇದನ್ನೇ ಹೇಳುತ್ತದೆ. 2007ರ ಡಿಸೆಂಬರ್‌ನಲ್ಲಿ ಸಿಕ್ಕ ಬಿಡುವು 2012ರ ಡಿಸೆಂಬರ್‌ಗೆ ಮುಗಿಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕೊರತೆಯ ಹೆಸರಿನಲ್ಲಿ 67ರ ಬೇಡಿಕೆ ಬಂತು. 2023ರ ಜುಲೈನಲ್ಲಿ ಅಲ್ಲಿನ ಕೆಳಮನೆ 351–69 ಮತಗಳಿಂದ ಅಂಗೀಕರಿಸಿದ ಮಸೂದೆಯಲ್ಲಿ ಅದೂ ಸೇರಿತ್ತು. 2024ರ ಮೇ 16ರಂದು ಅಧ್ಯಕ್ಷರ ಸಹಿ ಬಿದ್ದ ಅಂತಿಮ ಕಾನೂನಿನಲ್ಲಿ ಅದು ಇರಲಿಲ್ಲ.

ಭಾರತದಲ್ಲಿ 350 ಎಂಬುದೂ ಹಿಗ್ಗಿಸಿದ ಸಂಖ್ಯೆ. ಈಗ 65ರ ಹತ್ತಿರ ಇರುವವರು ವೃತ್ತಿಗೆ ಬಂದದ್ದು 1980ರ ದಶಕದಲ್ಲಿ. ಆಗ ಇದ್ದದ್ದು ಇಂಡಿಯನ್ ಏರ್‌ಲೈನ್ಸ್, ಏರ್ ಇಂಡಿಯಾ, ವಾಯುದೂತ್‌ನಂಥ ಸರ್ಕಾರಿ ಸಂಸ್ಥೆಗಳು. ಖಾಸಗಿ ಕಂಪನಿಗಳಿಗೆ ಕಾನೂನಿನ ಬಾಗಿಲು ಪೂರ್ತಿ ತೆರೆದದ್ದು 1994ರಲ್ಲಿ. ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ, ಇಂಡಿಗೊ ಶುರುವಾದದ್ದು 2006ರಲ್ಲಿ. ಬೆಳೆಯುತ್ತಿರುವ ಉದ್ಯಮದಲ್ಲಿ ಹಿರಿಯರ ಪಾಲು ಯಾವಾಗಲೂ ಚಿಕ್ಕದು. ಅವರಲ್ಲೂ 65ರ ನಂತರ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ ಗೆದ್ದು ಮುಂದುವರಿಯಲು ಒಪ್ಪುವವರು ಇನ್ನೂ ಕಡಿಮೆ.

ಭಾರತಕ್ಕೆ ದೊಡ್ಡ ಲಾಭ ಬೇರೆಡೆ ಇತ್ತು. ಸರ್ಕಾರಿ ಕಾಲದ ಏರ್ ಇಂಡಿಯಾದಲ್ಲಿ ನಿವೃತ್ತಿ ವಯಸ್ಸು 58. ಕಾನೂನು 65ರವರೆಗೆ ಬಿಟ್ಟಿದ್ದರೂ ಕಂಪನಿಯ ಸ್ವಂತ ನಿಯಮ ಏಳು ವರ್ಷ ಮೊದಲೇ ಬಾಗಿಲು ಹಾಕುತ್ತಿತ್ತು. ಟಾಟಾ ಕೈಗೆ ಬಂದ ಮೇಲೆ ಕೆಲವರನ್ನು ಗುತ್ತಿಗೆಯ ಮೇಲೆ ಮುಂದುವರಿಸಿದರು. 2025ರ ಆಗಸ್ಟ್‌ನಲ್ಲಿ ಪೈಲಟ್‌ಗಳ ನಿವೃತ್ತಿಯನ್ನೇ 65ಕ್ಕೆ ಏರಿಸಿದರು. ಆಗ ಅಲ್ಲಿದ್ದ ಪೈಲಟ್‌ಗಳು ಸುಮಾರು 3,600. 67ರಿಂದ ಸಿಗುವುದು ಎರಡು ವರ್ಷ. ಯಾವ ಅಂತರರಾಷ್ಟ್ರೀಯ ನಿಯಮವನ್ನೂ ಮುಟ್ಟದೆ ಇಲ್ಲಿ ಸಿಕ್ಕಿದ್ದು ಏಳು, ಅಂದರೆ ಮೂರೂವರೆ ಪಟ್ಟು.

ಕೊರತೆ ಇರುವುದು ಎಡಗಡೆಯ ಸೀಟಿನಲ್ಲಿ

ಪೈಲಟ್ ಕೊರತೆ ಎಂಬ ಮಾತಿನಲ್ಲಿ ಎರಡು ಬೇರೆ ಸಂಖ್ಯೆಗಳು ಸೇರಿಕೊಂಡಿವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2022ರಲ್ಲಿ 1,165 ಮತ್ತು 2023ರಲ್ಲಿ 1,622 ವಾಣಿಜ್ಯ ಪೈಲಟ್ ಲೈಸೆನ್ಸ್ ನೀಡಿತು. ಸಂಖ್ಯೆಯ ಮಟ್ಟಿಗೆ ಇದು ಚೆನ್ನಾಗಿಯೇ ಇದೆ. ಆದರೆ 200 ಗಂಟೆ ಹಾರಾಟ ಮುಗಿಸಿ ಲೈಸೆನ್ಸ್ ಹಿಡಿದು ಬರುವವರು ಕೂರುವುದು ಬಲಗಡೆಯ ಸಹ ಪೈಲಟ್ ಸೀಟಿನಲ್ಲಿ. ಎಡಗಡೆಯ ಸೀಟಿನಲ್ಲಿ ಕೂರುವ ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸ್‌ಗೆ ಕನಿಷ್ಠ 1,500 ಗಂಟೆ ಬೇಕು. ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ವರ್ಷಕ್ಕೆ 700 ಗಂಟೆಯಂತೆ ಹಿಡಿದರೆ ಉಳಿದ 1,300 ಗಂಟೆಗೆ ಸುಮಾರು ಎರಡು ವರ್ಷ. ಬಹುಪಾಲು ಕಂಪನಿಗಳು ಇದಕ್ಕಿಂತ ಹೆಚ್ಚಿನ ಅನುಭವ ಕೇಳುತ್ತವೆ. ಆಮೇಲೆ ಸಿಮ್ಯುಲೇಟರ್ ಸರದಿ, ತರಬೇತುದಾರರ ಸರದಿ.

2025ರ ಡಿಸೆಂಬರ್‌ನಲ್ಲಿ ಇಂಡಿಗೊದ ಸಾವಿರಾರು ಹಾರಾಟ ರದ್ದಾದಾಗ ಹೊರಬಂದ ಅಂಕಿಗಳು ಇದನ್ನು ಬಿಡಿಸಿಟ್ಟವು. ಹೊಸ ವಿಶ್ರಾಂತಿ ನಿಯಮಕ್ಕೆ ಬೇಕಾದ ಕ್ಯಾಪ್ಟನ್‌ಗಳು 2,422, ಇದ್ದವರು 2,357. ಕೊರತೆ 65. ಬೇಕಾದ ಸಹ ಪೈಲಟ್‌ಗಳು 2,153, ಇದ್ದವರು 2,194. ಹೆಚ್ಚುವರಿ 41. ಒಂದು ಸೀಟಿಗೆ ಜನ ಸಾಲದು, ಪಕ್ಕದ ಸೀಟಿಗೆ ಜನ ಹೆಚ್ಚು.

ಕೊರತೆ 65 ಕ್ಯಾಪ್ಟನ್‌ಗಳದ್ದಾದರೆ, ಒಂದಿಷ್ಟು ಹಿರಿಯರನ್ನು ಉಳಿಸಿಕೊಂಡಿದ್ದರೆ ಸಾಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಆದರೆ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಎರಡನೇ ಹಂತ ಜಾರಿಯಾದದ್ದು 2025ರ ನವೆಂಬರ್ 1ರಂದು. ನಡುವೆ ಸುಮಾರು 22 ತಿಂಗಳಿತ್ತು. ಬಲಗಡೆಯಿಂದ ಎಡಗಡೆಗೆ 65 ಮಂದಿಯನ್ನು ತರಬೇತಿಗೊಳಿಸಲು ಅಷ್ಟು ಕಾಲ ಸಾಕು. ಕ್ಯಾಪ್ಟನ್ ಒಬ್ಬರ ಬೆಲೆ ಸರ್ಕಾರಕ್ಕೂ ಗೊತ್ತಿದೆ: ಕೆಲಸ ಬಿಡಬೇಕಾದರೆ ಸಹ ಪೈಲಟ್ ಆರು ತಿಂಗಳ ನೋಟಿಸ್ ಕೊಡಬೇಕು, ಕ್ಯಾಪ್ಟನ್ ಹನ್ನೆರಡು ತಿಂಗಳು ಎಂದು ಡಿಜಿಸಿಎ 2017ರಲ್ಲೇ ವಿಧಿಸಿದೆ.

ವೆಚ್ಚ ಯಾರ ತಲೆಗೆ?

ನಿವೃತ್ತಿ ಎರಡು ವರ್ಷ ಮುಂದೆ ಹೋದರೆ ಹಿರಿತನದ ಪಟ್ಟಿಯಲ್ಲಿ ಕೆಳಗಿರುವ ಪ್ರತಿಯೊಬ್ಬರ ಬಡ್ತಿಯೂ ಎರಡು ವರ್ಷದವರೆಗೆ ತಡವಾಗಬಹುದು. ಕ್ಯಾಪ್ಟನ್ ಸಂಬಳ ಸಹ ಪೈಲಟ್‌ಗಿಂತ ಎರಡು ಮೂರು ಪಟ್ಟು. ತಡವಾದ ಸಂಬಳವನ್ನು ಅವರು ಕೊನೆಯ ಎರಡು ವರ್ಷಗಳಲ್ಲಿ ಮರಳಿ ಪಡೆಯಬಹುದು. ಆದರೆ 63ಕ್ಕೆ ವೈದ್ಯಕೀಯ ಪರೀಕ್ಷೆಯಲ್ಲಿ ಸೋತವರಿಗೆ ಉಳಿಯುವುದು ನಷ್ಟ ಮಾತ್ರ. ಅಮೆರಿಕದ ಸಹ ಪೈಲಟ್‌ಗಳು 2007ರಿಂದ 2012ರವರೆಗೆ ಹೀಗೆ ಕಾಯುವಾಗಲೇ 2008ರ ಆರ್ಥಿಕ ಕುಸಿತವೂ ಬಂತು.

ಕಂಪನಿಗೂ ಎಲ್ಲ ಲಾಭವಲ್ಲ. ಐಸಿಎಒ ಮಿತಿ 65 ಆಗಿರುವವರೆಗೆ 66ರ ಕ್ಯಾಪ್ಟನ್ ವಿದೇಶಕ್ಕೆ ಹಾರುವಂತಿಲ್ಲ. ದೊಡ್ಡ ವಿಮಾನಗಳು ಹೋಗುವುದು ಬಹುತೇಕ ವಿದೇಶಕ್ಕೇ. ಹಾಗಾಗಿ 777ರ ಹಿರಿಯ ಕ್ಯಾಪ್ಟನ್ನರನ್ನು ಎರಡೇ ವರ್ಷದ ಸೇವೆಗಾಗಿ ದೇಶದೊಳಗಿನ ಸಣ್ಣ ವಿಮಾನಕ್ಕೆ ಮರುತರಬೇತಿ ಕೊಟ್ಟು ಕೂರಿಸಬೇಕು. ಅವರು ಬಿಟ್ಟ ಸೀಟಿಗೆ ಒಬ್ಬರಿಗೆ ತರಬೇತಿ, ಆ ಒಬ್ಬರು ಬಿಟ್ಟ ಸೀಟಿಗೆ ಇನ್ನೊಬ್ಬರಿಗೆ. ಅಮೆರಿಕದ ಪೈಲಟ್ ಸಂಘಟನೆ ಆಲ್ಪಾ 67ನ್ನು ವಿರೋಧಿಸುವಾಗ ಮುಂದಿಡುವ ಮುಖ್ಯ ವೆಚ್ಚ ಇದೇ.

ಒಂದು ದೇಶ ಒಂಟಿಯಾಗಿ ಮಿತಿ ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಉದಾಹರಣೆಯಿದೆ. ಅಲ್ಲಿ ವಯಸ್ಸಿನ ತಾರತಮ್ಯ ಕಾನೂನುಬಾಹಿರವಾಗಿತ್ತು. 60 ತುಂಬಿದ ಕ್ವಾಂಟಾಸ್ 747 ಕ್ಯಾಪ್ಟನ್ ಕ್ರಿಸ್ಟಿ ಕೆಲಸ ಉಳಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋದರು. ಬಹುಪಾಲು ದೇಶಗಳು ಆಗ 60 ದಾಟಿದವರಿಗೆ ತಮ್ಮ ಆಕಾಶ ಮುಚ್ಚಿದ್ದವು. ಅವರು ಹಾರಬಹುದಾದ ಅಂತರರಾಷ್ಟ್ರೀಯ ದಾರಿಗಳು ನ್ಯೂಜಿಲೆಂಡ್, ಫಿಜಿ, ಬಾಲಿಯಂಥ ಬೆರಳೆಣಿಕೆಯವು. 1998ರಲ್ಲಿ ಅಲ್ಲಿನ ಹೈಕೋರ್ಟ್ ಕ್ವಾಂಟಾಸ್ ಪರ ತೀರ್ಪಿತ್ತಿತು. ಯುರೋಪ್‌ನಲ್ಲೂ ಗೆರೆ ಇದೇ ಜಾಗದಲ್ಲಿ ಬಿದ್ದಿದೆ. ಲುಫ್ತಾನ್ಸಾದ ಒಳಗಿನ 60ರ ಮಿತಿ ತಾರತಮ್ಯ ಎಂದು ಅಲ್ಲಿನ ನ್ಯಾಯಾಲಯ 2011ರಲ್ಲಿ ಹೇಳಿತು; 2017ರಲ್ಲಿ ಅಂತರರಾಷ್ಟ್ರೀಯ ನಿಯಮದ 65ನ್ನು ಎತ್ತಿಹಿಡಿಯಿತು.

ಕೂಡಿ ಕಳೆದರೆ

67 ಎಂಬುದು ಅಪಾಯಕಾರಿ ಹುಚ್ಚುತನವಲ್ಲ. ಆರು ತಿಂಗಳ ತಪಾಸಣೆ ಮತ್ತು ಪಕ್ಕದಲ್ಲೊಬ್ಬ ಕಿರಿಯ ಪೈಲಟ್ ಇದ್ದರೆ ಲೆಕ್ಕ ನೂರು ಕೋಟಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಆದರೆ ಅದು ಪೈಲಟ್ ಕೊರತೆಗೆ ಮದ್ದೂ ಅಲ್ಲ. ಭಾರತದಲ್ಲಿ ಹೆಚ್ಚೆಂದರೆ ನಾಲ್ಕು ತಿಂಗಳ ಬೇಡಿಕೆ, ಅದೂ ಒಂದೇ ಸಲ. ಐಸಿಎಒ ಬದಲಾಗದೆ ಭಾರತ ಒಂಟಿಯಾಗಿ ಮಿತಿ ಏರಿಸುವುದರಲ್ಲಿ ಅರ್ಥವಿಲ್ಲ.

ಹಾಗೆಂದು 65 ತುಂಬಿದವರನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದೂ ಜಾಣತನವಲ್ಲ. ದೇಶಕ್ಕೆ ಬೇಕಾಗಿರುವುದು ಕ್ಯಾಪ್ಟನ್‌ಗಳು, ಕ್ಯಾಪ್ಟನ್‌ಗಳನ್ನು ತಯಾರಿಸಲು ಬೇಕಾಗಿರುವುದು ತರಬೇತುದಾರರು. ಸಿಮ್ಯುಲೇಟರ್‌ನಲ್ಲಿ ಕಲಿಸಲು 65ರ ಅಡ್ಡಿಯಿಲ್ಲ. ಹಿರಿಯರೊಬ್ಬರು ಇನ್ನೆರಡು ವರ್ಷ ಹಾರಿದರೆ ತುಂಬುವುದು ಒಂದೇ ಸೀಟು. ಅದೇ ಎರಡು ವರ್ಷ ಕಲಿಸಿದರೆ ಹಲವು ಸೀಟುಗಳು ತುಂಬುತ್ತವೆ. ಡಿಜಿಸಿಎ ಮತ್ತು ಕಂಪನಿಗಳು ಹಣ ಹಾಕಬೇಕಾದದ್ದು ಇಲ್ಲಿ.